ಮನೆಯಲ್ಲೇ ಕಲಿಸುವ ತಂದೆತಾಯಿಯರಿಗೆ: ಮೊದಲ ವರ್ಷದ ಹೆಜ್ಜೆಗಳು

ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸಬೇಕೆಂದು ನಿರ್ಧರಿಸಿದ ತಂದೆತಾಯಿಯರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪುಸ್ತಕಗಳ ಬಗ್ಗೆ. ಯಾವ ಪಠ್ಯಕ್ರಮ ಒಳ್ಳೆಯದು, ಯಾವ ಪುಸ್ತಕಗಳನ್ನು ತರಿಸಬೇಕು, ಯಾವ ಆನ್‌ಲೈನ್ ತರಗತಿಗೆ ಸೇರಿಸಬೇಕು ಎಂಬ ಪ್ರಶ್ನೆಗಳು ಸಹಜವಾದವೇ ಆದರೂ ಅವು ಸಾಲಿನಲ್ಲಿ ಹಿಂದೆ ನಿಲ್ಲಬೇಕಾದವು. ತರಗತಿ ತುಂಬ ಮಕ್ಕಳಿರುವ ಶಿಕ್ಷಕರಿಗೆ ಎಷ್ಟೇ ಮನಸ್ಸಿದ್ದರೂ, ಒಂದು ಮಗು ಒಂದು ಲೆಕ್ಕವನ್ನು ಹೇಗೆ ಯೋಚಿಸಿ ಮಾಡಿತೆಂದು ಪಕ್ಕದಲ್ಲಿ ಕುಳಿತು ನೋಡುವಷ್ಟು ಬಿಡುವು ಸಿಗುವುದಿಲ್ಲ. ಮನೆಯಲ್ಲಿ ಕಲಿಸುವವರಿಗಿರುವ ದೊಡ್ಡ ಅನುಕೂಲ ಇದೇ: ಮಗು ಇವತ್ತು ಎಲ್ಲಿದೆ ಎಂಬುದನ್ನು ಕಣ್ಣಾರೆ ಕಂಡು, ಅಲ್ಲಿಂದಲೇ ಮುಂದಿನ ಹೆಜ್ಜೆ ಇಡಿಸಬಹುದು. ಈ ಅನುಕೂಲವನ್ನು ಬಳಸಿಕೊಳ್ಳದೆ ಶಾಲೆಯ ವೇಳಾಪಟ್ಟಿಯನ್ನೇ ಮನೆಗೆ ತಂದು ಕೂರಿಸಿದರೆ ಶಾಲೆಯ ತೊಡಕುಗಳೆಲ್ಲ ಜೊತೆಗೆ ಬರುತ್ತವೆ, ಅಲ್ಲಿನ ಸೌಕರ್ಯಗಳು ಮಾತ್ರ ಬರುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಕಾನೂನು

ಮನೆಯಲ್ಲಿ ಕಲಿಸುವುದಕ್ಕೆ ಎಲ್ಲ ದೇಶಗಳಲ್ಲೂ ಒಂದೇ ಬಗೆಯ ಅವಕಾಶವಿಲ್ಲ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗುವುದೇ ಕಡ್ಡಾಯ. ಅದನ್ನು ಪ್ರಶ್ನಿಸಿದ ಕುಟುಂಬವೊಂದರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಸ್ವೀಡನ್ ತನ್ನ 2010ರ ಶಿಕ್ಷಣ ಕಾಯ್ದೆಯಲ್ಲಿ ಇದನ್ನು ತೀರಾ ಅಸಾಧಾರಣ ಸಂದರ್ಭಗಳಿಗೆ ಸೀಮಿತಗೊಳಿಸಿತು. ಫ್ರಾನ್ಸ್‌ನಲ್ಲಿ ಹಿಂದೆ ಅಧಿಕಾರಿಗಳಿಗೆ ತಿಳಿಸಿದರೆ ಸಾಕಾಗುತ್ತಿತ್ತು. 2022ರಿಂದ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿದೆ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ 7ನೇ ಕಲಮು ಮಗುವಿನ ವಯಸ್ಸಿಗೂ ಸಾಮರ್ಥ್ಯಕ್ಕೂ ತಕ್ಕ ಪೂರ್ಣಾವಧಿ ಶಿಕ್ಷಣ ಕೊಡಿಸುವ ಹೊಣೆಯನ್ನು ತಂದೆತಾಯಿಯರ ಮೇಲೆ ಹೊರಿಸಿ, ಅದು ಶಾಲೆಯಲ್ಲಿ ಆಗಬಹುದು ಅಥವಾ ಬೇರೆ ರೀತಿಯಲ್ಲೂ ಆಗಬಹುದು ಎನ್ನುತ್ತದೆ. ಅಮೆರಿಕದ 50 ರಾಜ್ಯಗಳಲ್ಲೂ ಇದು ಕಾನೂನುಬದ್ಧವಾಗಿದ್ದರೂ ನಿಯಮಗಳು ಬೇರೆಬೇರೆ: ನ್ಯೂಯಾರ್ಕ್ ರಾಜ್ಯ ಕಲಿಕಾ ಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಕೇಳುತ್ತದೆ, ಟೆಕ್ಸಾಸ್ ಅಂಥ ಯಾವ ವರದಿಯನ್ನೂ ಕೇಳುವುದಿಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕೊಡುತ್ತದೆಯೇ ಹೊರತು ಮನೆಕಲಿಕೆಯ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ನೀವು ವಾಸಿಸುವ ಕಡೆಯ ನಿಯಮವನ್ನು ಸರಕಾರದ ಮೂಲ ದಾಖಲೆಯಲ್ಲಿಯೇ ಓದಿ. ಪರಿಚಿತರ ಮಾತಿನ ಮೇಲೆ ಇದನ್ನು ಬಿಡಬೇಡಿ. ಅವರು ಹೇಳುವುದು ಕಳೆದ ವರ್ಷದ ನಿಯಮವೋ ಪಕ್ಕದ ರಾಜ್ಯದ್ದೋ ಆಗಿರಬಹುದು. ಮಗು ಈಗಾಗಲೇ ಶಾಲೆಯಲ್ಲಿದ್ದರೆ ಬಿಡಿಸುವುದನ್ನು ಲಿಖಿತವಾಗಿಯೇ ಮಾಡಿ, ವರ್ಗಾವಣೆ ಪತ್ರವನ್ನೂ ಅಂಕಪಟ್ಟಿಗಳನ್ನೂ ಪಡೆದು, ಕೊಟ್ಟ ಮತ್ತು ಪಡೆದ ಪ್ರತಿಯೊಂದು ಕಾಗದದ ನಕಲನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಹೇಳದೆ ಕೇಳದೆ ಶಾಲೆಗೆ ಕಳುಹಿಸುವುದನ್ನು ನಿಲ್ಲಿಸಿಬಿಡುವುದು ಮುಂದೆ ಅನಗತ್ಯ ತಕರಾರಿಗೆ ಎಡೆಮಾಡುತ್ತದೆ.

ಪಾಠಕ್ಕೆ ಮುಂಚೆ ಒಂದು ಬಿಡುವು

ಶಾಲೆಯಿಂದ ಬಿಡಿಸಿದ ಮಗುವಿಗೆ ಮರುದಿನವೇ ಮನೆಯಲ್ಲಿ ತರಗತಿ ಶುರುಮಾಡಬೇಡಿ. ಕಾನೂನು ಅವಕಾಶ ಕೊಡುವ ಮಟ್ಟಿಗೆ ಕೆಲವು ವಾರಗಳ ಬಿಡುವು ಕೊಡಿ. ಶಾಲೆಯಲ್ಲಿ ನೊಂದು ಬಂದ ಮಗುವಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಈ ಬಿಡುವು ಮಗುವಿಗೆ ಎಷ್ಟು ಅಗತ್ಯವೋ ಕಲಿಸುವವರಿಗೂ ಅಷ್ಟೇ ಅಗತ್ಯ, ಏಕೆಂದರೆ ಗಂಟೆ ಬಾರಿಸಿದಾಗ ಕಲಿಕೆ, ಗಂಟೆ ಬಾರಿಸಿದಾಗ ಆಟ ಎಂಬ ಅಭ್ಯಾಸ ನಮ್ಮಲ್ಲೇ ಮಕ್ಕಳಿಗಿಂತ ಆಳವಾಗಿ ಬೇರೂರಿದೆ. ಈ ವಾರಗಳಲ್ಲಿ ಮಗು ತಾನಾಗಿ ಏನನ್ನು ಕೈಗೆತ್ತಿಕೊಳ್ಳುತ್ತದೆ, ಯಾವುದರಲ್ಲಿ ಹೊತ್ತು ಹೋದದ್ದೇ ತಿಳಿಯದಂತೆ ಮುಳುಗುತ್ತದೆ, ದಿನದ ಯಾವ ವೇಳೆ ಚುರುಕಾಗಿರುತ್ತದೆ, ಯಾವ ಮಾತು ಬಂದರೆ ಮುಖ ತಿರುಗಿಸುತ್ತದೆ ಎಂಬುದನ್ನು ಗಮನಿಸಿ ಬರೆದಿಡಿ. ಈ ಟಿಪ್ಪಣಿಗಳ ಮೇಲೆಯೇ ಮುಂದಿನ ದಿನಚರಿಯನ್ನು ಕಟ್ಟಬೇಕು. ಬಿಡುವು ಎಂದರೆ ದಿನವಿಡೀ ಪರದೆಯ ಮುಂದೆ ಕೂರಿಸುವುದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ; ಆದರೂ ಹೇಳಿಬಿಡುವುದು ಒಳ್ಳೆಯದು.

ಮಗು ಎಲ್ಲಿದೆ ಎಂದು ಕಂಡುಕೊಳ್ಳುವುದು

ಮಗು ಐದನೆಯ ತರಗತಿಯಲ್ಲಿತ್ತು ಎಂದಮಾತ್ರಕ್ಕೆ ಐದನೆಯ ತರಗತಿಯ ಗಣಿತ ಅದಕ್ಕೆ ಬರುತ್ತದೆಂದು ತಿಳಿಯಬೇಕಾಗಿಲ್ಲ. ಓದಿನಲ್ಲಿ ಏಳನೆಯದರಲ್ಲಿದ್ದು ಗಣಿತದಲ್ಲಿ ಮೂರನೆಯದರಲ್ಲಿರುವ ಮಕ್ಕಳು ಅಪರೂಪವೇನಲ್ಲ. ಅದನ್ನು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಎರಡು ತರಗತಿ ಹಿಂದಿನ ಪುಸ್ತಕದಿಂದ ಆರಂಭಿಸಿ, ಪ್ರತಿ ಅಧ್ಯಾಯದಿಂದ ಎರಡೆರಡು ಲೆಕ್ಕ ಕೊಟ್ಟು, ಮಾಡುತ್ತಿರುವಾಗ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಉತ್ತರಕ್ಕಿಂತ ದಾರಿಯನ್ನು ನೋಡಿ.

ಏಳೆಂಟು ವರ್ಷದ ಮಗು 52ರಿಂದ 27ನ್ನು ಕಳೆದು 35 ಎಂದು ಬರೆಯಿತೆನ್ನಿ. ತಪ್ಪು ಎಂದು ಕೆಂಪು ಗೆರೆ ಎಳೆದು ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ಅದೇ ರೀತಿ ತಪ್ಪಾಗುತ್ತವೆ. ಅದರ ಬದಲು ಹೇಗೆ ಮಾಡಿದೆ ಎಂದು ಕೇಳಿ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು ಎಂದು ಮಗು ವಿವರಿಸುತ್ತದೆ. ಅಂದರೆ ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬ ನಿಯಮವೊಂದನ್ನು ಅದು ತಾನೇ ಮಾಡಿಕೊಂಡಿದೆ. ಇದು ಅಜಾಗರೂಕತೆಯಲ್ಲ, ತಪ್ಪು ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ ಫಲ. ಇಲ್ಲಿ ಬೇಕಾದದ್ದು ಹೆಚ್ಚಿನ ಅಭ್ಯಾಸವಲ್ಲ, ಹತ್ತರ ಕಟ್ಟುಗಳು. ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು, ಇದರಿಂದ 27 ಕೊಡು ಎನ್ನಿ. ಎರಡು ಬಿಡಿ ಕಡ್ಡಿಗಳಿಂದ ಏಳನ್ನು ಕೊಡಲಾಗದು ಎಂಬುದು ಕೈಗೇ ಗೊತ್ತಾಗುತ್ತದೆ, ಒಂದು ಕಟ್ಟನ್ನು ಬಿಚ್ಚುವ ಯೋಚನೆ ಮಗುವಿಗೇ ಹೊಳೆಯುತ್ತದೆ, ಕೊನೆಗೆ ಎರಡು ಕಟ್ಟು, ಐದು ಬಿಡಿ ಉಳಿಯುತ್ತವೆ. ಇದನ್ನು ಕೆಲವು ದಿನ ಕೈಯಲ್ಲಿ ಮಾಡಿದ ಮೇಲೆಯೇ ಕಾಗದಕ್ಕೆ ಬನ್ನಿ.

ಇಂಥ ಒಳಗಿನ ನಿಯಮಗಳು ಎಲ್ಲ ವಯಸ್ಸಿನಲ್ಲೂ ಇರುತ್ತವೆ. 8 ಕೂಡಿಸು 4 ಎಂದು ಬರೆದು, ಸಮ ಚಿಹ್ನೆಯ ಆಚೆ ಒಂದು ಖಾಲಿ ಚೌಕ ಮತ್ತು ಅದಕ್ಕೆ ಕೂಡಿಸು 5 ಎಂದು ಬರೆದರೆ, ಚೌಕದಲ್ಲಿ 12 ತುಂಬುವ ಮಕ್ಕಳು ಬಹಳ. ಕೆಲವರು ಎಲ್ಲವನ್ನೂ ಕೂಡಿಸಿ 17 ಎನ್ನುತ್ತಾರೆ. ಸರಿಯುತ್ತರ 7. ಸಮ ಚಿಹ್ನೆ ಎಂದರೆ ಎರಡೂ ಬದಿ ಒಂದೇ ಬೆಲೆ ಎಂಬ ಅರ್ಥ ಅವರಿಗೆ ಸಿಕ್ಕಿಲ್ಲ, ಇಲ್ಲಿ ಉತ್ತರ ಬರೆಯಬೇಕು ಎಂಬ ಸೂಚನೆಯಷ್ಟೇ ಸಿಕ್ಕಿದೆ. ಈ ಕೊರತೆ ಚಿಕ್ಕ ತರಗತಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಜಗಣಿತ ಬಂದಾಗ ಮಗುವನ್ನು ಕಂಗೆಡಿಸುತ್ತದೆ. 9 = 4 + 5 ಸರಿಯೋ ತಪ್ಪೋ, 3 + 6 = 5 + 4 ಸರಿಯೋ ತಪ್ಪೋ ಎಂಬಂಥ ಪ್ರಶ್ನೆಗಳನ್ನು ದಿನಕ್ಕೆ ನಾಲ್ಕರಂತೆ ಕೇಳುತ್ತಾ ಹೋದರೆ ಅದು ಸರಿಹೋಗುತ್ತದೆ. ಹಾಗೆಯೇ 0.45 ಮತ್ತು 0.6ರಲ್ಲಿ ಯಾವುದು ದೊಡ್ಡದು ಎಂದರೆ, 45 ಎಂಬುದು 6ಕ್ಕಿಂತ ದೊಡ್ಡದಲ್ಲವೇ ಎಂಬ ಆಧಾರದ ಮೇಲೆ 0.45 ಎನ್ನುವ ಮಗು ಪೂರ್ಣಸಂಖ್ಯೆಗಳ ನಿಯಮವನ್ನು ದಶಮಾಂಶಕ್ಕೂ ಎಳೆದು ತಂದಿದೆ. 0.6ನ್ನು 0.60 ಎಂದು ಬರೆದು, ನೂರು ಚೌಕಗಳ ಕಾಗದದಲ್ಲಿ ಎರಡನ್ನೂ ಬಣ್ಣ ತುಂಬಿಸಿ ನೋಡಿಸಿ.

ಒಂದು ಎಚ್ಚರಿಕೆ. ತಪ್ಪು ಉತ್ತರ ಬಂದಾಗ ಮಾತ್ರ ಹೇಗೆ ಮಾಡಿದೆ ಎಂದು ಕೇಳಿದರೆ, ಆ ಪ್ರಶ್ನೆ ಬಂತೆಂದರೆ ತಪ್ಪಾಯಿತೆಂದೇ ಮಗು ತಿಳಿದು ಉತ್ತರ ಬದಲಿಸತೊಡಗುತ್ತದೆ. ಸರಿಯುತ್ತರಕ್ಕೂ ಅದೇ ಧ್ವನಿಯಲ್ಲಿ ಕೇಳಿ. ಸರಿಯುತ್ತರಗಳ ಹಿಂದೆಯೂ ಕೆಲವೊಮ್ಮೆ ವಿಚಿತ್ರ ದಾರಿಗಳು ಇರುತ್ತವೆ, ಅವುಗಳಲ್ಲಿ ಕೆಲವು ನಮ್ಮ ದಾರಿಗಿಂತ ಚೆನ್ನಾಗಿರುವುದೂ ಉಂಟು.

ದಿನಚರಿ

ಶಾಲೆಯ ಆರು ಗಂಟೆಗಳಲ್ಲಿ ಹಾಜರಿ, ತರಗತಿಯಿಂದ ತರಗತಿಗೆ ಓಡಾಟ, ಉಳಿದವರು ಮುಗಿಸುವವರೆಗೆ ಕಾಯುವುದು ಇವೆಲ್ಲ ಸೇರಿರುತ್ತವೆ. ಒಬ್ಬರಿಗೆ ಒಬ್ಬರು ಕಲಿಸುವಾಗ ಅಷ್ಟು ಹೊತ್ತು ಬೇಕಾಗುವುದಿಲ್ಲ. ಆರೇಳು ವರ್ಷದ ಮಗುವಿಗೆ ಕುಳಿತು ಕಲಿಯುವ ಪಾಠ ದಿನಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ, ಹತ್ತರ ಸುಮಾರಿಗೆ ಎರಡರಿಂದ ಮೂರು ಗಂಟೆ, ಹದಿಮೂರರ ನಂತರ ನಾಲ್ಕು ಗಂಟೆಯ ಆಸುಪಾಸು ಸಾಕು ಎಂಬುದು ನನ್ನ ಅಂದಾಜು. ಕಾನೂನು ಇಂತಿಷ್ಟು ಗಂಟೆ ಎಂದು ಹೇಳಿರುವ ಕಡೆ ಅದರಂತೆ ನಡೆಯಿರಿ. ಉಳಿದ ಹೊತ್ತು ಓದು, ಆಟ, ಕೈಕೆಲಸ, ಮನೆಗೆಲಸ, ಮತ್ತು ಏನೂ ಮಾಡದೆ ಇರುವುದಕ್ಕೆ ಸೇರಿದ್ದು. ಬೇಸರವಾಯಿತು ಎಂದು ಮಗು ಬಂದಾಗಲೆಲ್ಲ ಏನಾದರೂ ಒದಗಿಸಲು ಎದ್ದೇಳಬೇಡಿ.

ಗಡಿಯಾರಕ್ಕಿಂತ ಕ್ರಮವನ್ನು ನಂಬಿ. ಒಂಬತ್ತಕ್ಕೆ ಗಣಿತ, ಒಂಬತ್ತೂ ನಲವತ್ತಕ್ಕೆ ಭಾಷೆ ಎಂದು ಬರೆದ ಪಟ್ಟಿ ಮೊದಲ ಅಡಚಣೆಗೇ ಮುರಿದು ಬೀಳುತ್ತದೆ, ಮುರಿದ ಪಟ್ಟಿ ಗೋಡೆಯ ಮೇಲಿದ್ದು ದಿನವೂ ಅಣಕಿಸುತ್ತದೆ. ಬೆಳಗಿನ ತಿಂಡಿಯ ನಂತರ ಗಣಿತ, ಅದಾದ ಮೇಲೆ ಗಟ್ಟಿಯಾಗಿ ಓದುವುದು, ಆಮೇಲೆ ಹೊರಗೆ ಹೋಗುವುದು ಎಂಬ ಕ್ರಮ ಅರ್ಧ ಗಂಟೆ ಹಿಂದೆಮುಂದಾದರೂ ಉಳಿಯುತ್ತದೆ. ಹೆಚ್ಚು ಗಮನ ಬೇಡುವ ವಿಷಯವನ್ನು ಮಗು ಚುರುಕಾಗಿರುವ ಹೊತ್ತಿನಲ್ಲಿ ಇಡಿ. ಚಿಕ್ಕ ಮಕ್ಕಳಿಗೆ ಒಂದು ಪಾಠ 15ರಿಂದ 20 ನಿಮಿಷ ಮೀರದಿರಲಿ, ಮತ್ತು ಇನ್ನೂ ಸ್ವಲ್ಪ ಬೇಕು ಎನಿಸುವಾಗಲೇ ನಿಲ್ಲಿಸಿ.

ನಿದ್ದೆಯನ್ನೂ ದೇಹದ ಆಟವನ್ನೂ ದಿನಚರಿಯ ಹೊರಗಿನ ಸಂಗತಿಗಳೆಂದು ತಿಳಿಯಬೇಡಿ. ಅಮೆರಿಕದ ನಿದ್ರಾವೈದ್ಯರ ಸಂಘ 2016ರಲ್ಲಿ ಮಾಡಿದ ಶಿಫಾರಸಿನಂತೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಇರಬೇಕೆನ್ನುತ್ತದೆ. ಬೆಳಗಾಗುತ್ತಲೇ ಬಸ್ಸು ಹಿಡಿಯಬೇಕಾಗಿಲ್ಲದ ಮನೆಯಲ್ಲಿ ಇವೆರಡನ್ನೂ ಒದಗಿಸುವುದು ಕಷ್ಟವಲ್ಲ. ಹದಿಹರೆಯದವರಿಗೆ ರಾತ್ರಿ ನಿದ್ದೆ ತಡವಾಗಿ ಬರುವುದು ಶರೀರದ ಸ್ವಭಾವ. ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗಲು ಬಿಟ್ಟರೆ ಗಣಿತವೂ ಸುಧಾರಿಸುತ್ತದೆ, ಮಾತಿನ ಧಾಟಿಯೂ ಸುಧಾರಿಸುತ್ತದೆ.

ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಗಣಿತವನ್ನೂ ಓದು ಕಲಿಸುವುದನ್ನೂ ಮಾತ್ರ ಬೇರೆಬೇರೆಯಾಗಿ ಮಾಡಿ. ಇತಿಹಾಸ, ವಿಜ್ಞಾನ, ಕಥೆ, ಭೂಪಟ ಇವುಗಳನ್ನು ಎಲ್ಲರಿಗೂ ಒಟ್ಟಿಗೆ ಕಲಿಸಬಹುದು. ಚಿಕ್ಕದು ಚಿತ್ರ ಬರೆದರೆ, ನಡುವಿನದು ಐದು ವಾಕ್ಯ ಬರೆದರೆ, ದೊಡ್ಡದು ಕಾರಣಗಳನ್ನು ಚರ್ಚಿಸಿ ಒಂದು ಪುಟ ಬರೆಯುತ್ತದೆ.

ಓದು ಮತ್ತು ಬರಹ

ಅಕ್ಷರಗಳನ್ನು ಕೂಡಿಸಿ ಓದುವುದು ಬೇರೆ, ಓದಿದ್ದರ ಅರ್ಥ ಹಿಡಿಯುವುದು ಬೇರೆ. ಮೊದಲನೆಯದನ್ನು ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ, ನೇರವಾಗಿ ಕಲಿಸಿಯೇ ಬರಿಸಬೇಕು. ಚಿತ್ರ ನೋಡಿ ಪದವನ್ನು ಊಹಿಸುವ ಅಭ್ಯಾಸ ಬೆಳೆಸಿದರೆ ಚಿತ್ರಗಳಿಲ್ಲದ ಪುಸ್ತಕ ಬಂದಾಗ ಮಗು ಸೋಲುತ್ತದೆ. ಎರಡನೆಯದು ಕೇಳಿದ ಮಾತಿನ ಸಂಪತ್ತಿನಿಂದ ಬರುತ್ತದೆ. ಮಕ್ಕಳು ತಾವೇ ಓದಬಲ್ಲ ಪುಸ್ತಕಕ್ಕಿಂತ ಕಷ್ಟದ ಪುಸ್ತಕವನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲರು, ಮತ್ತು ಈ ಅಂತರ ಹಲವು ವರ್ಷ ಉಳಿಯುತ್ತದೆ. ಆದ್ದರಿಂದ ಓದಲು ಬಂದಿತೆಂದು ಗಟ್ಟಿಯಾಗಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಓದಿದ ಮೇಲೆ ಪ್ರಶ್ನೆಗಳ ಪಟ್ಟಿ ಹಿಡಿದು ವಿಚಾರಣೆ ಮಾಡುವುದಕ್ಕಿಂತ, ಏನಾಯಿತು ಹೇಳು ಎಂದು ಮಗುವಿನ ಮಾತಿನಲ್ಲೇ ಹೇಳಿಸುವುದು ಒಳ್ಳೆಯದು. ಏನನ್ನು ಬಿಟ್ಟಿತು, ಯಾವುದನ್ನು ಮೊದಲು ಹೇಳಿತು ಎಂಬುದರಿಂದಲೇ ಎಷ್ಟು ತಿಳಿದಿದೆಯೆಂದು ಗೊತ್ತಾಗುತ್ತದೆ.

ಬರವಣಿಗೆಯಲ್ಲಿ ಒಂದು ಸಲಕ್ಕೆ ಒಂದು ಬಗೆಯ ತಪ್ಪನ್ನಷ್ಟೇ ತಿದ್ದಿ. ಈ ವಾರ ವಾಕ್ಯದ ಕೊನೆಯ ಪೂರ್ಣವಿರಾಮವನ್ನು ನೋಡುತ್ತಿದ್ದರೆ ಕಾಗುಣಿತದ ತಪ್ಪುಗಳನ್ನು ನಿಮ್ಮ ಟಿಪ್ಪಣಿಗೆ ಹಾಕಿಕೊಂಡು ಸುಮ್ಮನಿರಿ. ಪುಟ ತುಂಬ ಕೆಂಪಾಗಿ ಹಿಂದಿರುಗಿದ ಬರಹದಿಂದ ಮಗು ಕಲಿಯುವುದು ಕಡಿಮೆ ಬರೆಯುವುದನ್ನು ಮಾತ್ರ. ಕೈಬರಹ ನಿಧಾನವಾಗಿರುವ ಮಗುವಿಗೆ ಹೇಳುವುದಕ್ಕೆ ಬಹಳವಿದ್ದರೆ ಅದು ಹೇಳಲಿ, ನೀವು ಬರೆದುಕೊಳ್ಳಿ. ಕೈಬರಹದ ಅಭ್ಯಾಸ ಬೇರೆ ಹೊತ್ತಿನಲ್ಲಿ ಆಗಲಿ.

ಎಂಟೊಂಬತ್ತು ವರ್ಷವಾದರೂ, ಕ್ರಮವಾಗಿ ಕಲಿಸಿದರೂ ಓದು ತೊಡಕಾಗಿಯೇ ಇದ್ದರೆ ಕಣ್ಣು ಮತ್ತು ಕಿವಿಗಳನ್ನು ಪರೀಕ್ಷೆ ಮಾಡಿಸಿ. ಅವೆರಡೂ ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಇದೆಯೇ ಎಂದು ತಜ್ಞರಿಂದ ನೋಡಿಸಿ. ಮನೆಯಲ್ಲಿ ಕಲಿಸುವಾಗ ಹೋಲಿಸಿ ನೋಡಲು ಬೇರೆ ಮಕ್ಕಳಿರುವುದಿಲ್ಲವಾದ್ದರಿಂದ ಇದು ತಡವಾಗಿ ಗೊತ್ತಾಗುವ ಅಪಾಯ ನಿಜವಾಗಿಯೂ ಇದೆ. ಸೋಮಾರಿತನ ಎಂಬ ತೀರ್ಪನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಪುಸ್ತಕ, ಸಲಕರಣೆ, ಪರದೆ

ಈಗ ಪುಸ್ತಕಗಳ ಮಾತು. ಮೊದಲ ವರ್ಷ ಗಣಿತಕ್ಕೆ ಕ್ರಮಬದ್ಧವಾದ ಒಂದು ಪುಸ್ತಕವನ್ನು ಆರಿಸಿಕೊಂಡು ಅದನ್ನೇ ಹಿಡಿದು ನಡೆಯಿರಿ; ಗಣಿತದಲ್ಲಿ ಒಂದರ ಮೇಲೊಂದು ನಿಲ್ಲಬೇಕಾದ್ದರಿಂದ ಪುಸ್ತಕದಿಂದ ಪುಸ್ತಕಕ್ಕೆ ಹಾರಿದರೆ ನಡುವೆ ಬಿರುಕುಗಳು ಉಳಿಯುತ್ತವೆ. ಉಳಿದ ವಿಷಯಗಳಿಗೆ ಗ್ರಂಥಾಲಯ ಸಾಕು. ವರ್ಷಕ್ಕಾಗುವಷ್ಟು ಪೂರ್ತಿ ಕಟ್ಟನ್ನು ಒಮ್ಮೆಗೇ ಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಹಣ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮಗುವಿಗೆ ಹೊಂದದ ಪುಸ್ತಕವನ್ನೂ ಎಳೆದುಕೊಂಡು ಹೋಗುತ್ತೇವೆ.

ಹಣವಿಲ್ಲದೆ ಸಿಗುವ ಒಳ್ಳೆಯ ಸಾಮಗ್ರಿ ಈಗ ಸಾಕಷ್ಟಿದೆ. 2008ರಲ್ಲಿ ಲಾಭರಹಿತ ಸಂಸ್ಥೆಯಾಗಿ ಆರಂಭವಾದ ಖಾನ್ ಅಕಾಡೆಮಿಯಲ್ಲಿ ಗಣಿತದ ಪಾಠಗಳೂ ಅಭ್ಯಾಸಗಳೂ ಇವೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಎಂಬ ಯೋಜನೆಯಲ್ಲಿ ವಿದ್ಯುತ್ ಮಂಡಲ, ಲೋಲಕ, ಅನಿಲಗಳ ಒತ್ತಡ ಮುಂತಾದವನ್ನು ಪರದೆಯ ಮೇಲೆ ಬದಲಿಸಿ ನೋಡಬಹುದಾದ ಮಾದರಿಗಳಿವೆ. ಪ್ರಯೋಗಾಲಯವಿಲ್ಲದ ಮನೆಗೆ ಇದು ದೊಡ್ಡ ಉಪಕಾರ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2007ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್‌ನಲ್ಲಿ ಮಕ್ಕಳು ತಾವೇ ಆಟಗಳನ್ನೂ ಚಲಿಸುವ ಚಿತ್ರಗಳನ್ನೂ ಮಾಡುತ್ತಾ ಪ್ರೋಗ್ರಾಮಿಂಗ್ ಕಲಿಯುತ್ತಾರೆ. ಸ್ಟೆಲ್ಲೇರಿಯಂ ಎಂಬ ತಂತ್ರಾಂಶ ನಿಮ್ಮ ಊರಿನ ಇವತ್ತಿನ ರಾತ್ರಿಯ ಆಕಾಶವನ್ನೇ ತೋರಿಸುತ್ತದೆ, ನೋಡಿದ ಮೇಲೆ ಹೊರಗೆ ಹೋಗಿ ನಿಜವಾದ ಆಕಾಶದಲ್ಲಿ ಹುಡುಕಬಹುದು. ಇವುಗಳಲ್ಲಿ ಮಗು ಏನನ್ನಾದರೂ ಮಾಡುತ್ತಿರುತ್ತದೆ. ಒಂದಾದ ಮೇಲೊಂದು ವೀಡಿಯೊ ನೋಡಿ ಎಲ್ಲವೂ ತಿಳಿಯಿತೆಂಬ ಭಾವನೆಯಷ್ಟೇ ಉಳಿಯುವುದನ್ನು ಈ ಸಾಲಿಗೆ ಸೇರಿಸಬೇಡಿ. ವೀಡಿಯೊ ನೋಡಿದರೆ ಮುಚ್ಚಿದ ಮೇಲೆ ಎರಡು ನಿಮಿಷ ಅದನ್ನು ನಿಮಗೆ ವಿವರಿಸಲಿ.

ಮರೆವಿಗೆ ತಕ್ಕ ಏರ್ಪಾಡು

ಮೊನ್ನೆಯಷ್ಟೇ ಚೆನ್ನಾಗಿ ಬಂದಿದ್ದ ಭಾಗಾಕಾರ ಇವತ್ತು ಪೂರ್ತಿ ಮರೆತುಹೋಗಿರುವುದನ್ನು ಕಂಡು ಎಷ್ಟೋ ತಾಯಂದಿರು ತಮ್ಮ ಕಲಿಸುವಿಕೆಯ ಮೇಲೆಯೇ ಅನುಮಾನ ಪಡುತ್ತಾರೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಪರೀಕ್ಷಿಸಿಕೊಂಡು, ಕಲಿತದ್ದರ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆ ಮತ್ತು ದಿನಗಳಲ್ಲೇ ಮರೆತುಹೋಗುತ್ತದೆ, ಬಿಟ್ಟು ಬಿಟ್ಟು ಮತ್ತೆ ಕಲಿತರೆ ನಿಲ್ಲುತ್ತದೆ ಎಂದು 1885ರಲ್ಲಿಯೇ ತೋರಿಸಿದ್ದರು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಬರಹವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಅವರನ್ನು ಹಿಂದಿಕ್ಕಿದರು.

ಇದರಿಂದ ಮನೆಗೆ ಬೇಕಾದ ಉಪಾಯ ಸರಳ. ಪ್ರತಿದಿನದ ಗಣಿತದ ಮೊದಲ ಐದು ನಿಮಿಷ ಹಳೆಯ ಲೆಕ್ಕಗಳಿಗೆ: ನಿನ್ನೆಯದೊಂದು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು. ನೆನಪಿಡಬೇಕಾದ ಮಗ್ಗಿ, ಪದ, ಇಸವಿಗಳಿಗೆ ಚಿಕ್ಕ ಕಾರ್ಡುಗಳನ್ನು ಮಾಡಿ, ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದು, ಪೆಟ್ಟಿಗೆಯೊಂದರಲ್ಲಿ ನಾಲ್ಕೈದು ವಿಭಾಗ ಮಾಡಿ. ಸರಿಯಾಗಿ ಹೇಳಿದ ಕಾರ್ಡು ಮುಂದಿನ ವಿಭಾಗಕ್ಕೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಮರಳುತ್ತದೆ. ಮೊದಲ ವಿಭಾಗವನ್ನು ದಿನವೂ, ಕೊನೆಯದನ್ನು ತಿಂಗಳಿಗೊಮ್ಮೆಯೂ ನೋಡಿದರೆ ಸಾಕು. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಬಳಕೆಗೆ ತಂದ ಈ ಪದ್ಧತಿಗೆ ಮೊಬೈಲ್ ಆ್ಯಪ್‌ಗಳೂ ಬಂದಿವೆ, ಆದರೆ ಚಿಕ್ಕ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ಕಾರ್ಡೇ ಇಷ್ಟ.

ಬರೆದಿಡುವುದು

ದಿನದ ಕೊನೆಗೆ ಐದು ನಿಮಿಷ, ಒಂದು ನೋಟ್‌ಬುಕ್, ನಾಲ್ಕು ಸಾಲು. ದಿನಾಂಕ, ಮಾಡಿದ್ದು, ಮಗು ಕೇಳಿದ ಪ್ರಶ್ನೆ ಅಥವಾ ಮಾಡಿದ ತಪ್ಪು, ನಾಳೆಗೆ ಒಂದು ಸೂಚನೆ. ತಿಂಗಳಿಗೊಮ್ಮೆ ಮಗುವಿನ ಒಂದು ಬರಹ, ಒಂದು ಪುಟ ಗಣಿತ, ಒಂದು ಚಿತ್ರ ಅಥವಾ ಮಾದರಿಯ ಫೋಟೋವನ್ನು ದಿನಾಂಕ ಹಾಕಿ ಕಡತದಲ್ಲಿಡಿ. ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಬೇಡಿ, ಸಾಧಾರಣವಾದದ್ದೂ ಇರಲಿ. ಅಧಿಕಾರಿಗಳು ಕೇಳಿದರೆ ತೋರಿಸಲು ಇದು ಬೇಕಾಗುತ್ತದೆ ನಿಜ, ಆದರೆ ಇದರ ಹೆಚ್ಚಿನ ಉಪಯೋಗ ನಿಮಗೇ. ಏನೂ ಮುಂದುವರಿಯುತ್ತಿಲ್ಲ ಎಂದು ಕೈಚೆಲ್ಲುವ ದಿನ ಆರು ತಿಂಗಳ ಹಿಂದಿನ ಪುಟವನ್ನು ತೆರೆದು ನೋಡಿ. ನಿಜವಾಗಿಯೂ ಮುಂದುವರಿದಿಲ್ಲದಿದ್ದರೆ ಅದೂ ಅಲ್ಲೇ ಕಾಣುತ್ತದೆ, ಆಗ ವಿಧಾನವನ್ನು ಬದಲಿಸಲು ಗಟ್ಟಿ ಕಾರಣ ಸಿಕ್ಕಂತಾಯಿತು.

ಒಡನಾಟ

ಮಗುವಿಗೆ ಗೆಳೆಯರು ಬೇಡವೇ ಎಂಬ ಪ್ರಶ್ನೆಯನ್ನು ನೀವು ಬಹಳ ಸಲ ಕೇಳಬೇಕಾಗುತ್ತದೆ. ಕೇಳುವವರ ಧಾಟಿ ಹಿಡಿಸದಿದ್ದರೂ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಶಾಲೆಯಲ್ಲಿ ತಾನಾಗಿ ಒದಗುವ ಸಹವಾಸ ಮನೆಯಲ್ಲಿ ಕಲಿಯುವ ಮಗುವಿಗೆ ತಾನಾಗಿ ಒದಗುವುದಿಲ್ಲ, ಅದನ್ನು ದೊಡ್ಡವರು ಏರ್ಪಡಿಸಬೇಕು. ವಾರಕ್ಕೊಂದು ಹೊಸ ಕಾರ್ಯಕ್ರಮಕ್ಕೆ ಕರೆದೊಯ್ಯುವುದಕ್ಕಿಂತ ಅದೇ ಐದಾರು ಮಕ್ಕಳನ್ನು ಪ್ರತಿವಾರ ಭೇಟಿಯಾಗುವುದರಿಂದ ಸ್ನೇಹ ಬೆಳೆಯುತ್ತದೆ. ಆಟದ ತಂಡ, ಸಂಗೀತದ ತರಗತಿ, ಗ್ರಂಥಾಲಯದ ಓದುಗರ ಗುಂಪು, ಮನೆಯಲ್ಲಿ ಕಲಿಸುವ ಬೇರೆ ಕುಟುಂಬಗಳು, ಇವುಗಳಲ್ಲಿ ಎರಡನ್ನು ಹಿಡಿದು ವರ್ಷವಿಡೀ ಬಿಡದೆ ನಡೆಸಿ. ಅಲ್ಲಿ ನೀವು ಸದಾ ಎದುರಿಗಿರಬೇಡಿ. ಜಗಳವಾಡಿ, ಮುನಿಸಿಕೊಂಡು, ತಾವೇ ರಾಜಿಯಾಗುವುದಕ್ಕೆ ದೊಡ್ಡವರ ಕಣ್ಣಿನಾಚೆಯ ಜಾಗ ಬೇಕು.

ಕಲಿಸುವವರ ದಣಿವು

ಮನೆಕಲಿಕೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಮಗುವಿನ ಕಾರಣಕ್ಕಲ್ಲ, ಕಲಿಸುವವರು ಸೋತುಹೋಗುವುದರಿಂದ ಎಂದು ನಾನು ತಿಳಿದಿದ್ದೇನೆ. ಅಡುಗೆ, ಮನೆ, ಕೆಲವರಿಗೆ ಸಂಬಳದ ಕೆಲಸ, ಇವುಗಳ ಮೇಲೆ ಪಾಠವೂ ಒಬ್ಬರದೇ ಹೆಗಲಿಗೆ ಬಿದ್ದರೆ ಎಷ್ಟು ಪ್ರೀತಿಯಿದ್ದರೂ ಸಾಲದು. ಆದ್ದರಿಂದ ಆರಂಭಿಸುವ ಮೊದಲೇ ಗಂಡಹೆಂಡಿರಿಬ್ಬರೂ ಕುಳಿತು ಯಾವ ವಿಷಯ ಯಾರದು, ಯಾವ ಹೊತ್ತು ಯಾರದು ಎಂದು ಬರೆದುಕೊಳ್ಳಿ. ಸಂಜೆ ಕೆಲಸದಿಂದ ಬರುವವರೂ ವಿಜ್ಞಾನವನ್ನೋ ಮಲಗುವ ಮುಂಚಿನ ಓದನ್ನೋ ಪೂರ್ತಿಯಾಗಿ ವಹಿಸಿಕೊಳ್ಳಬಹುದು. ಒಬ್ಬರೇ ಪೋಷಕರಿರುವ ಮನೆಯಲ್ಲಿ ಪಾಠವನ್ನು ಸಂಜೆಗೋ ವಾರಾಂತ್ಯಕ್ಕೋ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕಲಿಕೆ ಬೆಳಗ್ಗೆಯೇ ಆಗಬೇಕೆಂಬುದು ಶಾಲೆಯ ಅನುಕೂಲಕ್ಕೆ ಮಾಡಿದ ನಿಯಮ. ದಿನಕ್ಕೆ ಅರ್ಧ ಗಂಟೆಯಾದರೂ ಮಕ್ಕಳು ತಮ್ಮ ಪಾಡಿಗೆ, ನೀವು ನಿಮ್ಮ ಪಾಡಿಗೆ ಇರುವ ಹೊತ್ತನ್ನು ಮನೆಯ ನಿಯಮವನ್ನಾಗಿ ಮಾಡಿ. ಆರು ವಾರ ಪಾಠ, ಒಂದು ವಾರ ಬಿಡುವು ಎಂಬ ಲೆಕ್ಕ ಬಹಳ ಮನೆಗಳಿಗೆ ಹೊಂದುತ್ತದೆ.

ಕೆಟ್ಟ ದಿನಗಳಿಗೂ ಒಂದು ಯೋಜನೆ ಬೇಕು. ಯಾರಿಗೋ ಜ್ವರ, ಯಾರಿಗೋ ಕೋಪ, ಯಾವುದೂ ಸರಿಹೋಗದ ದಿನ ಮಾಡಬೇಕಾದ ಕನಿಷ್ಠವನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಹದಿನೈದು ನಿಮಿಷ ಗಣಿತ, ಒಂದು ಅಧ್ಯಾಯ ಗಟ್ಟಿ ಓದು, ಹೊರಗೆ ಒಂದು ಸುತ್ತು. ಅಷ್ಟಾದರೆ ದಿನ ವ್ಯರ್ಥವಾಗಿಲ್ಲ. ಪಾಠ ಅಳುವಿನಲ್ಲೋ ಕೂಗಾಟದಲ್ಲೋ ಮುಗಿಯುವ ಹಂತಕ್ಕೆ ಬಂದರೆ ಪುಸ್ತಕ ಮುಚ್ಚಿ. ಅಳುತ್ತಿರುವ ಮಗು ಭಿನ್ನರಾಶಿಯನ್ನು ಕಲಿಯುವುದಿಲ್ಲ. ಒಂದೇ ವಿಷಯದಲ್ಲಿ ವಾರಗಟ್ಟಲೆ ಹೀಗಾಗುತ್ತಿದ್ದರೆ ಅದನ್ನು ಬೇರೆಯವರ ಕೈಗೆ ಕೊಡಿ. ಬಂಧುವಾಗಲಿ, ಮನೆಪಾಠದ ಶಿಕ್ಷಕರಾಗಲಿ, ವಾರಕ್ಕೆರಡು ಗಂಟೆ ಕಲಿಸಲಿ. ಆ ವಿಷಯಕ್ಕಿಂತ ನಿಮ್ಮ ಮತ್ತು ಮಗುವಿನ ಸಂಬಂಧ ದೊಡ್ಡದು.

ಬೇರೆ ಮನೆಗಳಲ್ಲಿ ಎಂಟು ವರ್ಷದ ಮಗು ಮೂರು ಭಾಷೆ ಕಲಿತ ಸುದ್ದಿ ಕೇಳಿ ಕುಗ್ಗಬೇಡಿ. ಜನ ತೋರಿಸುವುದು ಒಳ್ಳೆಯ ದಿನಗಳನ್ನು. ಟೀಕಿಸುವ ಬಂಧುಗಳಿಗೆ ಉದ್ದವಾದ ಸಮರ್ಥನೆ ಕೊಡುವುದಕ್ಕಿಂತ, ಈ ವರ್ಷ ಹೀಗೆ ಮಾಡುತ್ತಿದ್ದೇವೆ, ವರ್ಷದ ಕೊನೆಗೆ ಮತ್ತೆ ಯೋಚಿಸುತ್ತೇವೆ ಎಂದರೆ ಸಾಕು. ಅದು ನಿಜವೂ ಹೌದು: ಒಂದೊಂದೇ ವರ್ಷಕ್ಕೆ ತೀರ್ಮಾನಿಸುವವರಿಗೆ ಭಾರ ಕಡಿಮೆ.

ಪರೀಕ್ಷೆ, ಮತ್ತು ಶಾಲೆಗೆ ಮರಳುವುದು

ಹನ್ನೆರಡು ವರ್ಷದ ಹೊತ್ತಿಗೆ ಯೋಜನೆಯ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ದಾಟಿಸಿ. ವಾರದ ಕೆಲಸಗಳ ಪಟ್ಟಿ ನೀವು ಕೊಡಿ, ಯಾವ ದಿನ ಯಾವುದು ಎಂದು ಅದು ನಿರ್ಧರಿಸಲಿ. ಶುಕ್ರವಾರ ರಾಶಿ ಉಳಿದರೆ ಆ ಅನುಭವವೂ ಪಾಠವೇ.

ಸಾರ್ವಜನಿಕ ಪರೀಕ್ಷೆ ಬರೆಯಿಸುವುದಿದ್ದರೆ ಕನಿಷ್ಠ ಎರಡು ವರ್ಷ ಮೊದಲು ವಿಚಾರಿಸಿ. ಭಾರತದಲ್ಲಿ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಶಾಲೆಗೆ ಹೋಗದೆಯೇ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಹತ್ತನೆಯದಕ್ಕೆ ದಾಖಲಾಗಲು 14 ವರ್ಷ ತುಂಬಿರಬೇಕು. ಹತ್ತನೆಯ ತರಗತಿಯ ಮಟ್ಟದ, ಕೇಂಬ್ರಿಜ್‌ನ ಐಜಿಸಿಎಸ್‌ಇಯಂಥ ಅಂತರರಾಷ್ಟ್ರೀಯ ಪರೀಕ್ಷೆಗಳನ್ನು ಹಲವು ದೇಶಗಳಲ್ಲಿ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಆದರೆ ಅಂಥವರನ್ನು ಸೇರಿಸಿಕೊಳ್ಳುವ ಕೇಂದ್ರವನ್ನು ನೀವೇ ಹುಡುಕಬೇಕು. ತೊಡಕಾಗುವುದು ಸಾಮಾನ್ಯವಾಗಿ ವಿಜ್ಞಾನದ ಪ್ರಾಯೋಗಿಕ ಭಾಗದಲ್ಲಿ: ಪ್ರಯೋಗ ಪರೀಕ್ಷೆ ಎಲ್ಲಿ ನಡೆಯುತ್ತದೆ, ಅದಕ್ಕೆ ಬದಲಾಗಿ ಬರಹದ ಪತ್ರಿಕೆ ಇದೆಯೇ, ಮುಂದೆ ಸೇರಬೇಕೆಂದಿರುವ ಕಾಲೇಜು ಅದನ್ನು ಒಪ್ಪುತ್ತದೆಯೇ ಎಂಬ ಮೂರನ್ನೂ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಆ ಕಾಲೇಜಿನ ಪ್ರವೇಶ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಯಾವ ವರ್ಷ ಯಾವ ವಿಷಯ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮಗು ಒಂದು ದಿನ ಶಾಲೆಗೆ ಹೋಗುತ್ತೇನೆ ಎಂದರೆ, ಅಥವಾ ಮನೆಯ ಪರಿಸ್ಥಿತಿಯೇ ಹಾಗೆ ಬದಲಾದರೆ, ಅದನ್ನು ಸೋಲೆಂದು ತಿಳಿಯಬೇಡಿ. ಎರಡು ವರ್ಷ ಮನೆಯಲ್ಲಿ ಕಲಿತು ಓದುವ ರುಚಿ ಹತ್ತಿಸಿಕೊಂಡ ಮಗು ಆ ಎರಡು ವರ್ಷಗಳನ್ನು ಕಳೆದುಕೊಂಡಿಲ್ಲ. ಸೇರಿಸುವ ಮೊದಲು ಶಾಲೆಯವರು ಪ್ರವೇಶ ಪರೀಕ್ಷೆ ಮಾಡುತ್ತಾರೆಯೇ, ಯಾವ ತರಗತಿಗೆ, ಯಾವ ದಾಖಲೆ ಬೇಕು ಎಂದು ಕೇಳಿ. ನೀವು ಕಾಪಾಡಿಕೊಂಡು ಬಂದ ಕಡತವನ್ನು ಜೊತೆಗೆ ಒಯ್ಯಿರಿ. ಹೋಗುವ ಎರಡು ತಿಂಗಳ ಮೊದಲಿನಿಂದ ಗೊತ್ತಾದ ಸಮಯದಲ್ಲಿ ಬರೆದು ಮುಗಿಸುವ ಅಭ್ಯಾಸವನ್ನೂ, ಹಲಗೆಯಿಂದ ನೋಡಿ ಬರೆದುಕೊಳ್ಳುವ ಅಭ್ಯಾಸವನ್ನೂ ಮಾಡಿಸಿ. ಮನೆಯಲ್ಲಿ ಕಲಿತ ಮಕ್ಕಳು ಹೊಸ ತರಗತಿಯಲ್ಲಿ ಮೊದಲು ತಡವರಿಸುವುದು ವಿಷಯದಲ್ಲಿ ಅಲ್ಲ, ಈ ಎರಡರಲ್ಲಿ.